ನೂರಾ ಇಪ್ಪತ್ತೊಂದು ತಗಡಿನ ಅಕ್ಷರಗಳು

ಅಕ್ಷರದ ಹೊಟ್ಟೆ ಬೀಳದಂತೆ ಕಾಯುವುದು ನನ್ನ ಕಸುಬಿನ ಮೊದಲ ಪಾಠ. ತಗಡಿನ ಮೇಲೆ ‘ರ’ ಬರೆದು ಗೆರೆಯ ಗುಂಟ ಚಾಣದಿಂದ ಕಡಿದರೆ ನಡುವಿನ ದುಂಡನೆಯ ತುಂಡು ಕಳಚಿ ಬೀಳುತ್ತದೆ. ಉಳಿಯುವುದು ಅಕ್ಷರವಲ್ಲ, ಒಂದು ದೊಡ್ಡ ತೂತು. ಅದಕ್ಕೇ ಗೆರೆಯನ್ನು ಎರಡು ಕಡೆ ಕಡಿಯದೆ ಬಿಡಬೇಕು. ಉಗುರಿನಗಲದ ಆ ಪಟ್ಟಿಗೆ ನಾನು ಕೊಂಡಿ ಅನ್ನುತ್ತೇನೆ. ಹೊಟ್ಟೆಯನ್ನು ಹಿಡಿದಿಡುವುದು ಅದೇ. ಕೊಂಡಿ ಇದ್ದ ಕಡೆ ಶಾಯಿ ಇಳಿಯುವುದಿಲ್ಲ. ಅಕ್ಕಿ ಚೀಲದ ಮೇಲಿನ ಮಾರ್ಕಾದ ಅಕ್ಷರಗಳು ಅಲ್ಲಲ್ಲಿ ಮುರಿದಂತೆ ಕಾಣುವುದು ಈ ಕಾರಣಕ್ಕೆ.

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಮಾನ್ವಿ ಕಡೆಯ ಅಕ್ಕಿ ಮಿಲ್ಲುಗಳಿಗೆ ತಗಡಿನ ಅಚ್ಚು ಕಡಿದು ಕೊಡುತ್ತೇನೆ. ಮೂರನೇ ತರಗತಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ನನಗೆ ಬಂದದ್ದು ಮಾಸ್ತರರ ಬಾಯಿಂದಲ್ಲ, ಈ ಕೈಯಿಂದ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ನಾನು ಕಡಿದ ‘ಶ್ರೀ’ ನೋಡಲು ಓದಿದವರೂ ಅಂಗಡಿಯ ಮುಂದೆ ನಿಂತದ್ದುಂಟು.

ಹತ್ತಿ ಒಡೆಯುವ ಕಾಲ ಶುರುವಾಗಿತ್ತು. ಒಂದು ಮಧ್ಯಾಹ್ನ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಮಾನ್ವಿಯ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುವ ಹೆಣ್ಣುಮಗಳ ಮಗಳು. ಚಿಕ್ಕವಳಿದ್ದಾಗ ತಾಯಿಯ ಜೊತೆ ಬಂದು, ನಾನು ಚೀಲಕ್ಕೆ ಅಚ್ಚು ಒತ್ತುವುದನ್ನು ನೋಡುತ್ತ ಕೂರುತ್ತಿದ್ದಳು. ಈಗ ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ.

“ಕಾಕಾ, ನನ್ನ ಹತ್ರ ಹನ್ನೊಂದು ಮಕ್ಕಳು ಅದಾವ. ಎರಡನೇ ಕ್ಲಾಸು. ಒಂದಕ್ಕೂ ಓದಾಕ ಬರಲ್ಲ,” ಅಂದಳು.

“ಮತ್ತ ಎರಡು ವರ್ಷ ಏನ್ ಮಾಡಿದ್ವು?”

“ಹಾಡಿದ್ವು. ಅ ಇಂದ ಳ ತನಕ ನಿದ್ದಿಗಣ್ಣಾಗೂ ಹಾಡ್ತಾವ. ನಡುವಿಂದು ಒಂದು ತೋರಿಸಿ ಇದೇನು ಅಂದ್ರ, ಮತ್ತ ಅ ಇಂದ ಸುರು ಮಾಡ್ಕೊಂಡು ಅಲ್ಲಿಗಿ ಬರ್ತಾವ.”

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಶಾಲೆಯ ಮೂರು ವರ್ಷವೂ ಹಿಂದಿನ ಸಾಲಿನಲ್ಲಿ ಕೂತು ನಾನು ಮಾಡಿದ್ದೂ ಅದನ್ನೇ.

ಅವಳು ವಿಷಯ ಹೇಳಿದಳು. ಆ ಹನ್ನೊಂದು ಮಕ್ಕಳ ತಂದೆತಾಯಿ ಹತ್ತಿ ಬಿಡಿಸಲು, ನಾಟಿ ಮಾಡಲು ಊರೂರು ತಿರುಗುವವರು. ಮಕ್ಕಳು ತಿಂಗಳಲ್ಲಿ ಹತ್ತು ದಿನ ಇದ್ದರೆ ಹೆಚ್ಚು. ದೊಡ್ಡ ತರಗತಿಯ ಕೊನೆಯ ಸಾಲಿನಲ್ಲಿ ಕೂತು ಹಾಡುವುದು, ಬೋರ್ಡು ನೋಡಿ ತಿದ್ದುವುದು. ಅವರಿಗೆ ಬೇರೆ ಕೋಣೆ ಕೊಡಿ ಎಂದು ಇವಳು ಹಟ ಹಿಡಿದು ಕೇಳಿದ್ದಳು. ಹೆಡ್‌ಮಾಸ್ತರು ಮುರಿದ ಬೆಂಚು ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಕೊಟ್ಟರು, ಒಂದು ಕರಾರಿನ ಮೇಲೆ. ಎಂಟು ವಾರಕ್ಕೆ ತಾಲೂಕು ಕಚೇರಿಯಿಂದ ಅಧಿಕಾರಿ ಬರುತ್ತಾರೆ, ಮಕ್ಕಳ ತಾಯಂದಿರೂ ಬರುತ್ತಾರೆ. ಅವರೆಲ್ಲರ ಮುಂದೆ, ಮೊದಲು ನೋಡದೇ ಇದ್ದ ಸಾಲೊಂದನ್ನು ಹನ್ನೊಂದರಲ್ಲಿ ಎಂಟು ಮಕ್ಕಳಾದರೂ ಓದಬೇಕು. ಓದದಿದ್ದರೆ ಕೋಣೆ ಬಂದ್. ಮಕ್ಕಳು ಮತ್ತೆ ಹಿಂದಿನ ಸಾಲಿಗೆ. ಬೇಸಿಗೆ ರಜೆ ಮುಗಿದ ಮೇಲೆ ಇವಳನ್ನು ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ.

“ನನ್ನಿಂದ ಏನಾಗಬೇಕು?”

“ಅಕ್ಷರ ಮುಟ್ಟಿ ನೋಡೋ ಹಂಗ ಇರಬೇಕು ಕಾಕಾ. ಬಟ್ಟು ಆಡಿಸಿ ಆಡಿಸಿ ಕೈಗೆ ಗೊತ್ತಾಗಬೇಕು. ಎಲ್ಲಾ ಐವತ್ತು ಬ್ಯಾಡ. ಐದು ಸಾಕು. ರ, ಗ, ಸ, ದ, ಅ.”

“ಐದರಾಗ ಏನ್ ಓದ್ತಾವ?”

“ಐವತ್ತು ಮುಗಿಯೋ ತನಕ ಕಾಯಬಾರದಂತನಾ ಐದು ತಗೊಂಡೀನಿ. ಐದು ಬಂದ ದಿನಾನಾ ಶಬ್ದ ಓದಬಹುದು. ಸರ. ಅರಸ. ಅಗಸ.”

ನಾನು ನನ್ನ ಹತಾರದ ಪೆಟ್ಟಿಗೆ ನೋಡಿದೆ. ತಗಡು ತಿಕ್ಕುವ ಅರ ಮೇಲೆಯೇ ಇತ್ತು, ಕೆಳಗೆ ಗರಗಸ. ನನ್ನ ಪೆಟ್ಟಿಗೆಯ ಎರಡು ಹೆಸರು ಅವಳ ಐದು ಅಕ್ಷರದಲ್ಲಿ ಆಗಲೇ ಕೂತಿದ್ದವು. ಮಾಡಿಕೊಡುತ್ತೇನೆ ಅಂದೆ. ನಾನು ಮಾಡಿದ್ದು ಕೆಡುವುದಿಲ್ಲ ಅಂತಲೂ ಅಂದೆ. ಆ ಎರಡನೇ ಮಾತು ಬೇಡವಾಗಿತ್ತು.

ಹನ್ನೊಂದು ತಗಡು ಕಡಿದೆ. ಒಂದೊಂದರಲ್ಲಿ ಐದು ಅಕ್ಷರ, ಅಂಗೈಯಗಲ. ಮಿಲ್ಲಿಗೆ ಮಾಡುವುದಕ್ಕಿಂತ ಹೆಚ್ಚು ಜತನದಿಂದ ಮಾಡಿದೆ. ಕಡಿದ ಅಂಚಿಗೆ ಕೈ ಕುಯ್ಯಬಾರದೆಂದು ಒಳಗೂ ಹೊರಗೂ ಅರ ಹಾಕಿ ತಿಕ್ಕಿ, ಪಾಲಿಶ್ ಪೇಪರಿನಿಂದ ಉಜ್ಜಿ, ನನ್ನ ನಾಲಿಗೆಯನ್ನೇ ಅಂಚಿಗೆ ಹಚ್ಚಿ ನೋಡಿದೆ. ಮಕ್ಕಳು ತಗಡನ್ನು ಪಾಟಿಯ ಮೇಲಿಟ್ಟು, ಕಡಿದ ಜಾಗದಲ್ಲಿ ಬಳಪ ಆಡಿಸಬೇಕು. ತಗಡು ಎತ್ತಿದರೆ ಕೆಳಗೆ ಅಕ್ಷರ. ಮೊದಲ ವಾರ ಅವಳು ಫೋನಿನಲ್ಲಿ, “ಚಂದ ಬರದಾವ ಕಾಕಾ,” ಅಂದಳು. ಎರಡನೇ ವಾರದ ಕೊನೆಗೆ ಮತ್ತೆ ಫೋನು. ಧ್ವನಿ ಬೇರೆ ಇತ್ತು. “ಒಮ್ಮಿ ಬಂದು ಹೋಗ್ರಿ.”

ದೇವದುರ್ಗದ ಬಸ್ಸು ಹಿಡಿದು, ಗೂಗಲ್ ಊರಿನ ಕಡೆಗೆ ಹೊರಳುವ ರಸ್ತೆಯಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆದೆ. ಕೋಣೆಯಲ್ಲಿ ಹನ್ನೊಂದು ಪಾಟಿ ಸಾಲಾಗಿ ಗೋಡೆಗೆ ಆನಿಸಿಟ್ಟಿದ್ದರು. ತಗಡಿಲ್ಲದೆ ಮಕ್ಕಳು ತಾವೇ ಬರೆದದ್ದು. ಎಲ್ಲ ‘ರ’ಗಳೂ ಎರಡು ಕಡೆ ಮುರಿದಿದ್ದವು. ಎಲ್ಲ ‘ದ’ಗಳೂ. ಉಗುರಿನಗಲ ಜಾಗ, ನಾನು ಕೊಂಡಿ ಬಿಟ್ಟಲ್ಲಿಯೇ.

ಬಾಗಿಲಲ್ಲಿ ಹೆಡ್‌ಮಾಸ್ತರು ನಿಂತಿದ್ದರು. “ಏನ್ ಕಾರಿಗರ್ ಸಾಹೇಬ್ರೇ, ನಮ್ಮ ಸಾಲ್ಯಾಗ ಅಕ್ಕಿ ಮಿಲ್ ಹಾಕಿಸಿದ್ರಲ್ಲ. ಇನ್ನ ತೂಕದ ಕಾಟಾ ಒಂದು ತಂದಿಟ್ರ ಮುಗೀತು.”

“ಅಚ್ಚಿನಾಗ ತಪ್ಪಿಲ್ಲ ಸರ್. ಕೊಂಡಿ ಇಲ್ದ ಅಚ್ಚು ನಿಲ್ಲಲ್ಲ,” ಅಂದೆ.

“ಅದು ನಿಮಗ ಗೊತ್ತು. ಆ ಕೂಸಿಗಿ ಗೊತ್ತದೇನು?”

 ಕಿಟಕಿಯ ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಬರೆಯುತ್ತಿದ್ದಳು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್. ಅವಳ ಹತ್ತಿರ ಕೂತೆ. ಮೇಲಿಂದ ಎಳೆದಳು, ಕೈ ಎತ್ತಿದಳು, ಅಳತೆ ಮಾಡಿದಂತೆ ಜಾಗ ಬಿಟ್ಟಳು, ಮತ್ತೆ ಎಳೆದಳು. ನಾನು ಬಳಪ ತೆಗೆದುಕೊಂಡು ಆ ಜಾಗ ಕೂಡಿಸಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ, ಬಟ್ಟಿಗೆ ಉಗುಳು ಹಚ್ಚಿ ನಾನು ಕೂಡಿಸಿದ್ದನ್ನು ಅಳಿಸಿದಳು.

“ನೀ ಮಾಡಿದ ತಗಡಿನಾಗ ಹಂಗ ಇಲ್ಲ ಕಾಕಾ.”

“ಆತು. ಇದೇನು ಹೇಳು ಬೇ?” ಎಂದು ಅಕ್ಷರ ತೋರಿಸಿದೆ.

“ತಗಡು,” ಅಂದಳು.

ಶಿಕ್ಷಕಿ ಮುಖ ಆಚೆ ತಿರುಗಿಸಿದಳು. ಹೆಡ್‌ಮಾಸ್ತರು ನಗುತ್ತ ಹೋದರು. ತಗಡು ಕಡಿದ ದಿನಗಳೂ ಸೇರಿ ನಾಲ್ಕು ವಾರ ಕಳೆದಿತ್ತು, ನಾಲ್ಕು ಉಳಿದಿತ್ತು.

ಅವತ್ತು ಬಸ್ಸಿಗೆ ಕಾಯುತ್ತ ಅವಳೇ ಅಂದಳು, “ತಪ್ಪು ನಂದೂ ಅದ ಕಾಕಾ. ಕೈಗೆ ಗೆರಿ ಕಲಿಸಿದೆ. ಕಿವಿಗೆ ಏನೂ ಕಲಿಸಲಿಲ್ಲ.”

ಮುಂದಿನ ವಾರ ಅವಳು ಪಾಟಿಗಳನ್ನು ಕಟ್ಟಿಟ್ಟಳು. ಮೊದಲು ಬರೀ ಬಾಯಿ. “ಸರ ಅನ್ರಿ. ಮೊದಲ ಏನ್ ಕೇಳ್ತು?” ಒಂದು ಸದ್ದಿಗೆ ಒಂದು ಚಪ್ಪಾಳೆ. ಸ, ರ. ಎರಡು ಚಪ್ಪಾಳೆ. ಗರಗಸಕ್ಕೆ ನಾಲ್ಕು. ‘ಸ’ ಅಂತ ಶುರುವಾಗುವ ಹೆಸರು ನಿಮ್ಮ ಓಣಿಯಲ್ಲಿ ಯಾರದು, ನಿಮ್ಮ ಮನೆಯಲ್ಲಿ ಏನಿದೆ. ಸದ್ದು ಕಿವಿಯಲ್ಲಿ ಬಿಡಿಬಿಡಿಯಾದ ಮೇಲೆ ಅದರ ಅಕ್ಷರ ಕೈಗೆ ಕೊಡುವುದು. ಕಣ್ಣು ಮುಚ್ಚಿ ಬೆರಳು ಆಡಿಸುತ್ತ ಸದ್ದು ಹೇಳುವುದು.

ಅದಕ್ಕೆ ಅಕ್ಷರ ತೂತಾಗಿದ್ದರೆ ಆಗುವುದಿಲ್ಲ, ಗಟ್ಟಿ ಇರಬೇಕು. ನನ್ನ ಕೆಲಸ ಮಗುಚಿ ಬಿತ್ತು. ಇಷ್ಟು ವರ್ಷ ಹೊಟ್ಟೆ ಬೀಳದಂತೆ ಕಾಯುತ್ತಿದ್ದವನು ಈಗ ಹೊಟ್ಟೆ ಬೀಳಿಸಿ ಸುತ್ತಲಿನದನ್ನು ಉಳಿಸಿಕೊಳ್ಳಬೇಕು. ಡಬ್ಬಿಯ ತಗಡು ಬಾಗುತ್ತದೆಂದು ದಪ್ಪ ಅಲ್ಯುಮಿನಿಯಂ ತಂದೆ. ಗರಗಸ ಓದಬೇಕಾದರೆ ಎರಡು ‘ಗ’ ಬೇಕು. ಹಾಗಾಗಿ ಒಂದು ಮಗುವಿಗೆ ಆರು ತುಂಡು, ಹನ್ನೊಂದು ಮಕ್ಕಳಿಗೆ ಅರವತ್ತಾರು. ಐದು ದಿನ ಮಿಲ್ಲಿನ ಕೆಲಸಕ್ಕೆ ಕೈ ಹಚ್ಚಲಿಲ್ಲ. ತಲೆಕಟ್ಟು ಮೈಗೆ ಕೂಡುವ ಸಣ್ಣ ಜಾಗ ಚಾಣದ ಏಟಿಗೆ ಸೀಳಿ ಹೋಗುತ್ತಿತ್ತು. ಸುತ್ತ ಮೊದಲು ಸಣ್ಣ ತೂತು ಕೊರೆದು ಆಮೇಲೆ ಕಡಿದರೆ ಸೀಳುವುದಿಲ್ಲ ಎಂದು ಹನ್ನೆರಡು ತುಂಡು ಕೆಡಿಸಿದ ಮೇಲೆ ತಿಳಿಯಿತು.

ಬಣ್ಣವೂ ಹಚ್ಚಿದೆ. ಯಾರೂ ಕೇಳಿರಲಿಲ್ಲ. ಬರೀ ತಗಡು ಮಕ್ಕಳ ಕೈಗೆ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ. ‘ರ’ ಕೆಂಪು, ‘ಗ’ ಹಸಿರು, ‘ಸ’ ನೀಲಿ, ‘ದ’ ಹಳದಿ, ‘ಅ’ ಬಿಳಿ. ಮಿಲ್ಲಿನಲ್ಲಿಯೂ ಒಂದೊಂದು ತಳಿಯ ಅಕ್ಕಿಗೆ ಒಂದೊಂದು ಬಣ್ಣದ ಮಾರ್ಕಾ ಇರುತ್ತದೆ. ಅದೇ ನನ್ನ ಕೈಯ ರೂಢಿ.

ಮಕ್ಕಳು ಖುಷಿಯಿಂದ ಹಾರಿದವು. ಬೇರೆ ಮಾತಿಲ್ಲ. ವಾರದೊಳಗೆ ಐದೂ ಅಕ್ಷರ ಥಟ್ಟನೆ ಹೇಳತೊಡಗಿದವು. ಮೊದಮೊದಲು ಕೂಡಿಸಲು ಬರುತ್ತಿರಲಿಲ್ಲ. ‘ಸ’, ‘ರ’ ಎಂದು ಬಿಡಿಯಾಗಿ ಹೇಳಿ, ಅರ್ಥ ಹೇಳಲು ಶಿಕ್ಷಕಿ ತೋರಿಸಿದ್ದ ಕೊರಳು ನೋಡಿ “ತಾಳಿ” ಅನ್ನುತ್ತಿದ್ದರು. ಆಮೇಲೆ ಕೂಡಿಸಿದರು. ನಾನು ಅರ ಮತ್ತು ಗರಗಸವನ್ನು ಒಯ್ದು ಅವರ ಮುಂದಿಟ್ಟೆ. ಕಿಟಕಿಯ ಹುಡುಗಿ ನಾಲ್ಕು ತುಂಡು ಜೋಡಿಸಿ “ಗರಗಸ” ಅಂದಾಗ ಹೆಡ್‌ಮಾಸ್ತರನ್ನು ಕರೆದುಕೊಂಡು ಬಂದೆ, ಕೇಳಲಿ ಎಂದು. ಶಿಕ್ಷಕಿ ಇನ್ನೈದು ಕೇಳಿದಳು: ಜ, ವ, ಮ, ಬ, ನ. ಐವತ್ತೈದು ತುಂಡು. ಬಣ್ಣದ ಡಬ್ಬಿಗಳನ್ನು ಬೆರೆಸಿ ಒಂದಕ್ಕೊಂದು ಹೋಲದ ಐದು ಹೊಸ ಬಣ್ಣ ಮಾಡಿದೆ. ಒಟ್ಟು ನೂರಾ ಇಪ್ಪತ್ತೊಂದು ಅಕ್ಷರ, ಹತ್ತು ಬಣ್ಣ. ನನ್ನ ಕೈಯಿಂದ ಅದಕ್ಕಿಂತ ಚಂದದ್ದು ಬಂದಿರಲಿಲ್ಲ.

ಕಿಟಕಿಯ ಹುಡುಗಿಗೆ ಒಂದು ಚಾಳಿ, ‘ಸ’ವನ್ನು ಬಾಯಲ್ಲಿ ಇಟ್ಟುಕೊಳ್ಳುವುದು. ಅದರ ಬಣ್ಣ ಎದ್ದಿತ್ತು. ಬಣ್ಣ ಹೊಟ್ಟೆಗೆ ಹೋದೀತೆಂದು ಅದನ್ನು ಅಂಗಡಿಗೆ ಒಯ್ದು ಉಜ್ಜಿ ಮತ್ತೆ ಬಳಿದೆ. ನೀಲಿ ತೀರಿತ್ತು. ಹಸಿರು ಹಚ್ಚಿದೆ.

ಅದನ್ನು ಕೊಡಲು ಹೋದ ದಿನ ಅಧಿಕಾರಿ ಬರಲು ಆರು ದಿನ ಉಳಿದಿತ್ತು. ಶಿಕ್ಷಕಿ ಅಡುಗೆ ಕೋಣೆಯ ಮುಂದೆ ಮಕ್ಕಳಿಗೆ ಹಾಲು ಹಂಚಿಸುತ್ತಿದ್ದಳು. ಹುಡುಗಿಯ ಕೈಗೆ ತುಂಡು ಕೊಟ್ಟೆ.

“ಏನಿದು?”

“ಗ.”

“ಸರಿಯಾಗಿ ನೋಡು.”

“ಗ, ಕಾಕಾ.”

ಪಕ್ಕದವನಿಗೆ ತೋರಿಸಿದೆ. ‘ಗ’ ಅಂದ. ಅವನ ಪಕ್ಕದವಳೂ ‘ಗ’.  ಒಲೆಯ ಕಡೆಯಿಂದ ಇದ್ದಿಲ ತುಂಡು ತಂದು ಗೋಡೆಯ ಮೇಲೆ ದೊಡ್ಡದಾಗಿ ‘ಸ’ ಬರೆದೆ. ಯಾರಿಗೂ ಗುರುತು ಹತ್ತಲಿಲ್ಲ. ‘ರ’ ಬರೆದೆ. ಒಬ್ಬನು ಮೆಲ್ಲಗೆ, “ಇದು ಯಾವ ಬಣ್ಣದ್ದು ಕಾಕಾ?” ಎಂದು ಕೇಳಿದ.

ಹೊರಗೆ ಬಂದು ನಳದ ಕಟ್ಟೆಯ ಮೇಲೆ ಕೂತೆ. ಮಾನ್ವಿಯ ಒಂದು ಮಿಲ್ಲಿನಲ್ಲಿ ಹಿಂದೆ ನಡೆದದ್ದು ನೆನಪಾಯಿತು. ಕೆಂಪು ಶಾಯಿ ಸಿಗದೆ ಒಂದು ಲಾಟಿನ ಚೀಲಗಳಿಗೆಲ್ಲ ನೀಲಿ ಒತ್ತಿದ್ದೆವು. ಹಮಾಲರು ಇಡೀ ಲಾಟನ್ನು ಬೇರೆ ಲಾರಿಗೆ ಹೇರಿಬಿಟ್ಟರು. ಹೆಸರು ಇಷ್ಟು ದೊಡ್ಡದಾಗಿ ಬರೆದದ್ದು ಕಾಣಲಿಲ್ಲವೇ ಎಂದು ಮಾಲೀಕರು ರೇಗಿದಾಗ ಹಮಾಲರ ಮುಖಂಡ ಹೇಳಿದ್ದ, “ನಾವು ಹೆಸರು ಯಾವಾಗ ನೋಡೀವ್ರಿ ಸಾವಕಾರ್ರೇ, ನಾವು ನೋಡೋದು ಕೆಂಪು.” ಅವತ್ತು ನಾನೂ ಎಲ್ಲರ ಜೊತೆ ನಕ್ಕಿದ್ದೆ.

ಈ ಮಕ್ಕಳೂ ಕೆಂಪು ನೋಡುತ್ತಿದ್ದರು, ಹಸಿರು ನೋಡುತ್ತಿದ್ದರು. ಬಣ್ಣ ಒಂದಕ್ಕೊಂದು ಹೋಲಬಾರದೆಂದು ನಾನು ಎಷ್ಟು ಜತನ ಮಾಡಿದ್ದೆನೋ, ಅಕ್ಷರ ನೋಡುವ ಅಗತ್ಯ ಅಷ್ಟು ಕಡಿಮೆಯಾಗಿತ್ತು.

ಒಂದು ಮಾತು ಮುಚ್ಚಿಡದೆ ಬರೆಯುತ್ತೇನೆ. ಇದು ಆಗ ನನಗೊಬ್ಬನಿಗೇ ಗೊತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಗೋಡೆ ಒರೆಸಿ, ಹಸಿರು ‘ಸ’ವನ್ನು ಕಿಸೆಗೆ ಹಾಕಿಕೊಂಡು ಹೋಗಿದ್ದರೆ ನನ್ನ ಹೆಸರಿಗೆ ಏನೂ ಆಗುತ್ತಿರಲಿಲ್ಲ. ಬೋರ್ಡಿನ ಮುಂದೆ ಮಕ್ಕಳು ಓದಲಾಗದೆ ನಿಂತುಬಿಟ್ಟರೆ, ಕಲಿಸಿದ್ದು ಸಾಲದಾಯಿತು ಎಂದು ಜನ ಅವಳಿಗೆ ಅನ್ನುತ್ತಿದ್ದರು. ಹಾಲು ಕುಡಿದ ಲೋಟಗಳನ್ನು ಮಕ್ಕಳು ನಳಕ್ಕೆ ತಂದು ತೊಳೆಯುವವರೆಗೆ ನಾನು ಅಲ್ಲಿಯೇ ಕೂತಿದ್ದೆ.

ಆಮೇಲೆ ಅವಳನ್ನು ಕರೆದು ಗೋಡೆ ತೋರಿಸಿದೆ. ಹಸಿರು ‘ಸ’ ಅವಳ ಕೈಗೆ ಕೊಟ್ಟು, ಮಕ್ಕಳನ್ನು ಕೇಳು ಅಂದೆ. ಅವಳು ಕೇಳಿದಳು. ನೆಲದ ಮೇಲೆ ಕುಕ್ಕರಿಸಿದಳು.

“ಆರು ದಿನ ಅದಾವ ಕಾಕಾ.”

“ಸದ್ದು ಅವರ ಕಿವಿಯಾಗ ಕುಂತದ. ಕೂಡಿಸೋದೂ ಬಂದದ. ಕೆಟ್ಟದ್ದು ನನ್ನ ಬಣ್ಣ ಒಂದು. ಎರಡು ದಿನ ನನಗ ಕೊಡು. ಎಲ್ಲಾ ಒಂದಾ ಬಣ್ಣ ಮಾಡಿ ತರ್ತೀನಿ. ನಾಲ್ಕು ದಿನ ನಿನಗ.”

ಮಾತು ಕೇಳಿಸಿಕೊಂಡು ಹೆಡ್‌ಮಾಸ್ತರು ಬಂದರು. ಈ ಸಲ ಚೇಷ್ಟೆ ಇರಲಿಲ್ಲ. “ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಅಧಿಕಾರಿ ಬಂದಾಗ ಈ ಬಣ್ಣದ ತಗಡಾ ಜೋಡಿಸಿ ಓದಸ್ರಿ. ಫಟಾಫಟ್ ಓದ್ತಾವ. ಅವ್ರಿಗೇನ್ ಗೊತ್ತಾಗ್ತದ? ಕೋಣೀನೂ ಉಳೀತದ, ನಿಮ್ಮ ಕೆಲಸಾನೂ ಉಳೀತದ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅವಳು ಕೈಯಲ್ಲಿದ್ದ ಹಸಿರು ‘ಸ’ವನ್ನು ತಿರುಗಿಸಿ ನೋಡಿದಳು.

“ಬ್ಯಾಡ್ರಿ ಸರ್,” ಅಂದಳು. “ಮುಂದಿನ ವರ್ಷ ಪುಸ್ತಕ ಕೈಗೆ ಕೊಡ್ತೀವಿ. ಪುಸ್ತಕೆಲ್ಲಾ ಕಪ್ಪಾ ಇರ್ತದಲ್ರೀ.” ನನ್ನ ಕಡೆ ತಿರುಗಿ, “ಒಯ್ರಿ ಕಾಕಾ. ಎಲ್ಲಾ ಒಯ್ರಿ. ಭಾನುವಾರಾನೂ ಮಕ್ಕಳನ್ನ ಕರೀತೀನಿ.”

ಮಕ್ಕಳ ಕೈಯಿಂದ ಅಕ್ಷರ ಕಸಿದುಕೊಳ್ಳುವುದು ಸುಲಭವಾಗಲಿಲ್ಲ. ಒಬ್ಬ ಅಂಗಿಯೊಳಗೆ ಅಡಗಿಸಿಟ್ಟುಕೊಂಡ. ಎಲ್ಲವನ್ನೂ ಎಣಿಸಿ ಗೋಣಿಚೀಲಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆಯಿಂದಲೇ ತಪ್ಪು. ಬೇಗ ಆಗಲೆಂದು ಕಾಸ್ಟಿಕ್ ಸೋಡಾ ನೀರಿಗೆ ಒಂದು ‘ದ’ ಹಾಕಿ ನೋಡಿದೆ. ಕಬ್ಬಿಣಕ್ಕೆ ಅದು ಸರಿ. ಅಲ್ಯುಮಿನಿಯಂಗೆ ಅಲ್ಲ. ನೊರೆ ಉಕ್ಕಿ, ತೆಗೆಯುವಷ್ಟರಲ್ಲಿ ಮೈಯೆಲ್ಲ ಸಿಡುಬು ಬಂದಂತೆ ಗುಂಡಿ ಬಿದ್ದಿತ್ತು. ಉಳಿದವಕ್ಕೆ ಬೆಂಕಿಯೇ ಗತಿ. ಪಂಪಿನ ಬರ್ನರು ಹಚ್ಚಿ, ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಬಣ್ಣ ಗುಳ್ಳೆ ಏಳುವವರೆಗೆ ಕಾಯಿಸಿ, ತಂತಿ ಬ್ರಷ್ಷಿನಿಂದ ಕೆರೆದೆ. ಹೆಚ್ಚು ಕಾದರೆ ತಗಡು ಸೊರಗುತ್ತದೆ, ಕಡಿಮೆಯಾದರೆ ಬಣ್ಣ ಅಂಟಿಕೊಳ್ಳುತ್ತದೆ. ಹತ್ತು ಬಣ್ಣವೂ ಒಂದೇ ಬೂದಿಯಾಗಿ ಕಾಲ ಕೆಳಗೆ ಬಿದ್ದವು. ಹೊಸ ‘ದ’ ಒಂದು ಕಡಿದೆ. ಎರಡನೇ ದಿನ ಕಪ್ಪು ಬಣ್ಣದಲ್ಲಿ ಅದ್ದಿ, ಅಂಗಡಿಯ ಮುಂದೆ ಎಳೆದ ತಂತಿಗೆ ಒಂದೊಂದಾಗಿ ತೂಗಿಬಿಟ್ಟೆ. ಗಾಳಿಗೆ ಧೂಳು ಕೂರದಂತೆ ಪಂಚೆ ಅಡ್ಡ ಕಟ್ಟಿದೆ.

ಗಂಜಿನ ಹಮಾಲನೊಬ್ಬ ನಿಂತು ನೋಡಿದ. “ಏನ್ ಯಜಮಾನ್ರೇ, ಹಪ್ಪಳ ಹೊತ್ತಿಸೀರಲ್ಲ.”

“ಹೌದು ಲೇ, ತಿನ್ನಾಕ ಹನ್ನೊಂದು ಮಂದಿ ಕಾಯಾಕತ್ಯಾರ,” ಅಂದೆ. ನಗು ಬರಲಿಲ್ಲ.

ಕಪ್ಪು ಅಕ್ಷರ ನೋಡಿದ ದಿನ ಮಕ್ಕಳು ಅತ್ತವು. ಬಣ್ಣ ಎಲ್ಲಿ ಹೋಯಿತು, ನಮ್ಮವು ಕೊಡು. ಗೊತ್ತಿದ್ದ ಹತ್ತೂ ಅಕ್ಷರ ಒಮ್ಮೆಲೇ ಮರೆತಂತಾಗಿತ್ತು. ನಾನು ಎರಡು ದಿನ ಅಲ್ಲಿಯೇ ಇದ್ದೆ. ಶಿಕ್ಷಕಿ ಕಣ್ಣು ಮುಚ್ಚಿಸಿ ಕೈಗೆ ತುಂಡು ಕೊಟ್ಟಳು. “ಹೊಟ್ಟಿ ಅದ ಏನು? ಬಾಯಿ ತೆರದದೇನು? ಸದ್ದು ಹೇಳು.” ಅದೇ ಅಕ್ಷರ ಮರಳಿನಲ್ಲಿ, ಅದೇ ಗೋಡೆಯಲ್ಲಿ ಇದ್ದಿಲಿನಿಂದ, ಅದೇ ಬೋರ್ಡ್ ಮೇಲೆ ಬಿಳಿ ಬಳಪದಲ್ಲಿ ದೊಡ್ಡದಾಗಿ, ಸಣ್ಣದಾಗಿ. ಅದೇ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರ ಬೆರಳಲ್ಲಿ. ಎರಡನೇ ದಿನ ಮಧ್ಯಾಹ್ನ ಕಿಟಕಿಯ ಹುಡುಗಿ ಕಪ್ಪು ‘ಸ’ವನ್ನು ಬಾಯಿಂದ ತೆಗೆದು, ತಿರುಗಿಸಿ ತಿರುಗಿಸಿ ನೋಡಿ, ಗೋಡೆಯ ಇದ್ದಿಲಿನ ‘ಸ’ಕ್ಕೆ ಒತ್ತಿ ಹಿಡಿದಳು.  ಅವಳಿಗೆ ಹತ್ತಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆ ದಿನ ಬಂತು. ತಾಯಂದಿರು ಅರ್ಧ ದಿನದ ಹತ್ತಿ ಬಿಡಿಸುವುದು ಬಿಟ್ಟು ಬಂದು ಗೋಡೆಯ ಗುಂಟ ಕೂತರು. ಸೀರೆಯ ಸೆರಗಿಗೆ ಇನ್ನೂ ಹತ್ತಿ ಅಂಟಿತ್ತು. ನಾನು ಮೂಲೆಯಲ್ಲಿ, ಅಕ್ಷರ ತಂದಿದ್ದ ಗೋಣಿಚೀಲದ ಪಕ್ಕ ನಿಂತೆ. ಅಧಿಕಾರಿ ಮೆಲುದನಿಯ ಮನುಷ್ಯ. ಕಲಿಸಿದ ಹತ್ತು ಅಕ್ಷರದ ಚೀಟಿ ಕೇಳಿ ಪಡೆದು, ಒಂದೊಂದು ಮಗುವಿಗೆ ಒಂದೊಂದು ಸಾಲು ಬೋರ್ಡ್ ಮೇಲೆ ತಾವೇ ಬರೆದರು. ತಗಡುಗಳನ್ನು ಮುಟ್ಟಲೂ ಇಲ್ಲ.

‘ಬಸವನ ಮಗ.’ ಮೊದಲ ಹುಡುಗ ಓದಿದ. ‘ಮರದ ಗರಗಸ.’ ಓದಿದಳು. ಮೂರನೆಯವನು ಒಂದೊಂದೇ ಅಕ್ಷರ ಸರಿಯಾಗಿ ಹೇಳಿದ, ಕೂಡಿಸಲು ಆಗಲಿಲ್ಲ. ಅಧಿಕಾರಿ ಕಾಯ್ದರು. ಆಗಲಿಲ್ಲ. ನಾನು ಬೆರಳು ಮಡಚುತ್ತ ಹೋದೆ. ನಾಲ್ಕು ಮಕ್ಕಳು ಒಂದರ ಹಿಂದೊಂದು ಓದಿದವು. ಆಮೇಲಿನವಳು ತಾಯಿಯನ್ನು ನೋಡಿ ಅಳತೊಡಗಿದಳು. ಮತ್ತೊಬ್ಬ ಬೋರ್ಡನ್ನು ನೋಡದೆ ನೆಲ ನೋಡುತ್ತ ನಿಂತ. ಇನ್ನೊಬ್ಬ ಓದಿದ. ಓದಿದವರು ಏಳು, ಓದದವರು ಮೂರು. ಉಳಿದವಳು ಕಿಟಕಿಯ ಹುಡುಗಿ.

ಅಧಿಕಾರಿ ಬಳಪ ಎತ್ತಿದವರು ಕೆಳಗಿಟ್ಟರು. “ಒಬ್ಬರಿಗೆ ಬರೆದದ್ದನ್ನ ಇನ್ನೊಬ್ಬರು ಕೇಳ್ಕೋತ ಬಂದಾರ. ಇಕೀಗೆ ಬ್ಯಾರೆ ಏನಾರ ಕೊಡೋಣ,” ಎಂದು ಸುತ್ತ ನೋಡಿದರು. ಕೋಣೆಯಲ್ಲಿ ಬೇರೆ ಬರಹ ಇರಲಿಲ್ಲ. ಅವರ ಕಣ್ಣು ನನ್ನ ಗೋಣಿಚೀಲದ ಮೇಲೆ ನಿಂತಿತು. “ಅದನ್ನ ಕೊಡ್ರಿ.”

ಅದು ಅಂಗಡಿಯ ಹಳೆಯ ಚೀಲ. ಯಾವತ್ತೋ ಕಡಿದ ಒಂದು ಮಾರ್ಕಾದ ಅಚ್ಚನ್ನು ಅದರ ಮೇಲೆ ಒತ್ತಿ ನೋಡಿದ್ದೆ. ‘ವನಜ.’ ಅವರು ಚೀಟಿ ನೋಡಿ, ಮೂರೂ ಅಕ್ಷರ ಅದರಲ್ಲಿವೆ ಎಂದು ತಲೆಯಾಡಿಸಿದರು. ಕೆಂಪು ಶಾಯಿ. ‘ವ’ದ ಹೊಟ್ಟೆಗೆ ಎರಡು ಕೊಂಡಿ, ಶಾಯಿ ಹರಡಿ ಮತ್ತಷ್ಟು ಹರಿದಂತೆ ಕಾಣುತ್ತಿತ್ತು. ಈ ಮಕ್ಕಳಿಗೆ ಕೆಂಪು ಅಂದರೆ ‘ರ’ ಆಗಿತ್ತು. ನಾನು ಮಾಡಿದ ಎರಡೂ ತಪ್ಪು ಒಂದೇ ಚೀಲದ ಮೇಲೆ ಇದ್ದವು.

ಅದು ಬೇಡ ಸರ್ ಅನ್ನಲು ಬಾಯಿ ತೆರೆದೆ. ಶಿಕ್ಷಕಿ ನನ್ನನ್ನು ನೋಡಿ, ತಡೆಯಬೇಡಿ ಎಂದು ಕಂಡೂ ಕಾಣದಂತೆ ತಲೆಯಾಡಿಸಿದಳು. ಚೀಲ ಬಿಡಿಸಿ ಹಿಡಿದೆ. 

ಹುಡುಗಿ ಹತ್ತಿರ ಬಂದಳು. ನೋಡಿದಳು. ಹೆಡ್‌ಮಾಸ್ತರು ಕೈಕಟ್ಟಿ ನಿಂತಿದ್ದರು. ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹುಡುಗಿ ಬೆರಳಿಟ್ಟು ‘ವ’ದ ಮೇಲೆ ಮೆಲ್ಲಗೆ ಸುತ್ತಿದಳು. ಮುರಿದಲ್ಲಿಗೆ ಬಂದು ಬೆರಳು ನಿಂತಿತು. ಮುಂದೆ ಹೋಗಲಿಲ್ಲ. ಅವತ್ತು ನಾನು ಕೂಡಿಸಿದ್ದನ್ನು ಅವಳು ಉಗುಳು ಹಚ್ಚಿ ಅಳಿಸಿದ್ದು ನೆನಪಾಯಿತು. ಅವಳು ಮತ್ತೆ ಮೊದಲಿಂದ ಸುತ್ತಿದಳು. ಈ ಸಲ ಮುರಿದ ಜಾಗದ ಮೇಲೆ ಹೆಬ್ಬೆಟ್ಟು ಒತ್ತಿ ಮುಚ್ಚಿದಳು.

“ವ,” ಅಂದಳು. ಸ್ವಲ್ಪ ತಡೆದು, “ನ.” ಮತ್ತೆ, “ಜ.” ತುಟಿಗಳು ಸದ್ದಿಲ್ಲದೆ ಒಮ್ಮೆ ಆಡಿದವು.

“ವನಜ.”

 ಅವಳು ಅಧಿಕಾರಿಯ ಕಡೆ ತಿರುಗಿ, “ವನಜ ಅಂದ್ರ ಏನ್ರೀ?” ಎಂದು ಕೇಳಿದಳು.

“ಒಂದು ಅಕ್ಕಿ ಹೆಸರವಾ,” ಎಂದು ಅವರು ನಕ್ಕರು. “ಗೊತ್ತಿಲ್ಲದ ಶಬ್ದ ಓದ್ಯಾಳ್ರೀ ಇಕಿ. ಇನ್ನೇನ್ ಬೇಕು?” ಹೆಡ್‌ಮಾಸ್ತರು ಎಂಟು ಎಂದು ಬರೆದುಕೊಂಡರು. ಬರೆಯುವಾಗ ಅವರ ಮುಖದಲ್ಲಿ ಸಂತೋಷವಿತ್ತು. ಅದನ್ನೂ ನಾನು ಇಲ್ಲಿ ಬರೆಯಬೇಕು.

ಕೋಣೆ ಉಳಿಯಿತು. ಎಲ್ಲರೂ ಹೋದ ಮೇಲೆ ಶಿಕ್ಷಕಿ ಓದದ ಮೂವರನ್ನೂ ಮುಂದೆ ಕೂರಿಸಿಕೊಂಡಳು. “ಮೂರು ಉಳದಾವ ಕಾಕಾ. ಇವಕ್ಕ ಹಳೇ ಹತ್ತಾ ಸಾಕು. ಉಳಿದವಕ್ಕ ಇನ್ನೈದು ಮಾಡ್ಕೊಂಡು ಬರ್ರಿ,” ಅಂದಳು. ಬಣ್ಣದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಚೀಲ ಮಡಚುತ್ತಿದ್ದೆ. ಕಿಟಕಿಯ ಹುಡುಗಿ ಬಂದು ಅದರ ಒಂದು ತುದಿ ಹಿಡಿದಳು.

“ಓದಾಕ ಯಾಕ ಅಷ್ಟು ತಡದಿ ಬೇ?” ಎಂದು ಕೇಳಿದೆ.

“ಇಲ್ಲಿ ನೋಡು, ಇಲ್ಲಿ ಮುರದಿತ್ತು. ಬಟ್ಟು ಇಟ್ಟು ಕೂಡಿಸಿದೆ.” ಆಮೇಲೆ ಹುಬ್ಬು ಗಂಟಿಕ್ಕಿ ಮಾರ್ಕಾವನ್ನು ಇನ್ನೊಮ್ಮೆ ನೋಡಿದಳು. “ಯಾರು ಮಾಡ್ಯಾರ ಕಾಕಾ ಇದನ್ನ? ಬರೋಬರಿ ಮಾಡಿಲ್ಲ.”

ಕೊಂಡಿ ಇಲ್ಲದೆ ಅಚ್ಚು ನಿಲ್ಲುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ.

“ನಾನಾ ಮಾಡಿದ್ದು,” ಅಂದೆ.